ಸುಳ್ಳು ತಾರೀಖು ಫಲಕಕ್ಕೇರದಿರಲಿ

ಸಂಪಾದಕರೇ,

ಹಿಂದಿನ ರಷ್ಯಾ, ಸೋವಿಯತ್ ನಾಡಿನಲ್ಲಿ ಹತರಾದ ಮೆನ್ನೊನೈಟರ (ಜರ್ಮನ್ ಮಾತಾಡುತ್ತಿದ್ದ ಶಾಂತಿವಾದಿ ಕ್ರೈಸ್ತ ಪಂಗಡದವರ) ಸ್ಮರಣೆಗೆ ಫಲಕ ಬರೆಸುವ ಮೈಸೂರಿನ ಚರ್ಚ್, ಕಾಲೇಜುಗಳವರು ಮೊದಲು ತಾರೀಖು ಪರಿಶೀಲಿಸಬೇಕು. ಉಕ್ರೇನಿನ ಮೆನ್ನೊನೈಟ್ ಹಳ್ಳಿ ಐಖೆನ್‌ಫೆಲ್ಡ್‌ನ ಹತ್ಯಾಕಾಂಡ ನಡೆದದ್ದು 1919ರಲ್ಲಿ, ರಷ್ಯಾದ ಹಳೆಯ (ಜೂಲಿಯನ್) ಕ್ಯಾಲೆಂಡರಿನ ಅಕ್ಟೋಬರ್ 26ರಂದು. ಅಂದರೆ ಇಂದಿನ ಲೆಕ್ಕದಲ್ಲಿ ನವೆಂಬರ್ 8. ಈ 13 ದಿನಗಳ ಅಂತರ ಮರೆತರೆ ಒಂದೇ ಘಟನೆ ಎರಡಾಗುತ್ತದೆ.

ಸೋವಿಯತ್ ಮರಣಪತ್ರಗಳನ್ನು ಹಾಗೇ ನಂಬಬಾರದು. ಸ್ಟಾಲಿನ್ ಆಳ್ವಿಕೆಯಲ್ಲಿ, 1937–38ರಲ್ಲಿ ಗುಂಡಿಕ್ಕಿ ಕೊಂದ ಎಷ್ಟೋ ಜನರ ಮನೆಯವರಿಗೆ, ಎರಡನೇ ಮಹಾಯುದ್ಧಕಾಲದ ತಾರೀಖು ಹಾಕಿ, ಕಾಯಿಲೆಯಿಂದ ಸತ್ತರೆಂದು ಬರೆದುಕೊಟ್ಟರು. ದುಃಖಕ್ಕೂ ಸುಳ್ಳು ದಿನ ಗೊತ್ತುಮಾಡಿದ ಕ್ರೌರ್ಯವಿದು! ತನಿಖಾ ಕಡತದಲ್ಲಿ ಶಿಕ್ಷೆ ಜಾರಿಯಾದ ಟಿಪ್ಪಣಿ ಸಿಕ್ಕರೆ ಅದನ್ನೇ ಆಧಾರವಾಗಿಟ್ಟುಕೊಳ್ಳಿ.

ಹೆಸರಿನ ಜರ್ಮನ್, ರಷ್ಯನ್ ರೂಪಗಳೆರಡೂ ಇರಲಿ. ಒಂದೇ ಹಳ್ಳಿಯಲ್ಲಿ ಒಂದೇ ಹೆಸರಿನವರು ಹಲವರಿರುತ್ತಿದ್ದರು; ತಂದೆಯ ಹೆಸರು, ಹುಟ್ಟಿದ ವರ್ಷ ಬಿಡಬೇಡಿ.

– ಕೆಲವು ಇತಿಹಾಸ ಅಧ್ಯಾಪಕರು, ಮೈಸೂರು