ಶಾಲಾ ವೇದಿಕೆಯಲ್ಲಿ ಮಸಿ ಬಳಿದುಕೊಂಡ ಆಫ್ರಿಕಾ

ಮಾನ್ಯ ಸಂಪಾದಕರೇ,

ಶಾಲಾ ವಾರ್ಷಿಕೋತ್ಸವಗಳ ಕಾಲ ಬಂತು. ಇನ್ನು ಯಾವ ಊರಿನ ಶಾಲೆಗೆ ಹೋದರೂ ಒಂದು ಕುಣಿತ ಇದ್ದೇ ಇರುತ್ತದೆ. ಏಳೆಂಟು ಮಕ್ಕಳ ಮೈಗೆ, ಮುಖಕ್ಕೆ ಕಪ್ಪು ಬಣ್ಣ. ಸೊಂಟದ ಸುತ್ತ ಮಾವಿನ ಸೊಪ್ಪು. ಕೈಯಲ್ಲಿ ಕೋಲಿನ ಈಟಿ, ಬಾಯಲ್ಲಿ 'ಹೂ ಹಾ'. ಮೈಕ್ ಹಿಡಿದವರು 'ಈಗ ಆಫ್ರಿಕನ್ ಡ್ಯಾನ್ಸ್' ಎನ್ನುತ್ತಾರೆ. ಅಪ್ಪ ಅಮ್ಮಂದಿರು ಮೊಬೈಲ್ ಎತ್ತುತ್ತಾರೆ, ಶಿಳ್ಳೆ ಬೀಳುತ್ತದೆ. ಛದ್ಮವೇಷದಲ್ಲೂ ಇದೇ ವೇಷ ಬರುತ್ತದೆ. ಎಷ್ಟೋ ಸಲ ಬಹುಮಾನವೂ ಅದಕ್ಕೇ.

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವವಳು. 'ಮಕ್ಕಳಾಟ ಬಿಡಿ ಮೇಡಂ, ಅದರಲ್ಲೇನಿದೆ?' ಎನ್ನುವವರು ಸ್ಟಾಫ್ ರೂಮಿನಲ್ಲೇ ಇದ್ದಾರೆ. ಏನಿದೆ ಅಂತ ತಿಳಿಯಬೇಕಾದರೆ ಒಮ್ಮೆ ತರಗತಿಯಲ್ಲಿ ಕೇಳಿ ನೋಡಿ. 'ಆಫ್ರಿಕಾ ಅಂದ ತಕ್ಷಣ ಏನು ನೆನಪಾಗುತ್ತದೆ?' ಎಂದು ನಾನು ಒಂಬತ್ತನೇ ತರಗತಿಯವರನ್ನು ಕೇಳಿದೆ. ಸಿಂಹ, ಕಾಡು, ಹಸಿವು, ಕಪ್ಪು ಜನ. ಅಲ್ಲಿಗೆ ಪಟ್ಟಿ ಮುಗಿಯಿತು. 'ಎಬಿಡಿ ಯಾವ ಖಂಡದವರು?' ಎಂದೆ. ಆರ್‌ಸಿಬಿ ಅಂದರೆ ಪ್ರಾಣ ಬಿಡುವ ಹುಡುಗರು ಮುಖ ಮುಖ ನೋಡಿಕೊಂಡರು. ದಕ್ಷಿಣ ಆಫ್ರಿಕಾದ ಕ್ರಿಕೆಟಿಗ ಡಿವಿಲಿಯರ್ಸ್ ನಮ್ಮವರು, ಸೊಪ್ಪು ಕಟ್ಟಿಕೊಂಡವರು ಆಫ್ರಿಕಾದವರು. ಇಂಥ ಲೆಕ್ಕ ಮಕ್ಕಳ ತಲೆಯೊಳಗೆ ತಾನಾಗಿ ಬರುವುದಿಲ್ಲ, ನಾವೇ ವೇದಿಕೆ ಹತ್ತಿಸಿ ಕಲಿಸುತ್ತೇವೆ.

ಆಟ ಆಟವಾಗಿಯೇ ಉಳಿದರೆ ಸರಿ. 2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಆದದ್ದು ನೆನಪಿರಬಹುದು. ಕಾರು ಗುದ್ದಿ ಒಬ್ಬ ಮಹಿಳೆ ತೀರಿಕೊಂಡರು. ಕಾರು ಓಡಿಸುತ್ತಿದ್ದವನು ಸುಡಾನಿನ ವಿದ್ಯಾರ್ಥಿ. ಸ್ವಲ್ಪ ಹೊತ್ತಿನ ನಂತರ ಅದೇ ದಾರಿಯಲ್ಲಿ ಬಂದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಕೈಮಾಡಿತು, ಕಾರಿಗೆ ಬೆಂಕಿ ಹಚ್ಚಿತು. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ! ಆ ಗುಂಪಿನ ಕಣ್ಣಿಗೆ ಎರಡೂ ಒಂದೇ.

ಇನ್ನೊಂದು ಮಾತು ನಮಗೆ ಹೊಳೆಯುವುದೇ ಇಲ್ಲ. ಈ ಕುಣಿತ ನೋಡುತ್ತ ಕುಳಿತವರಲ್ಲಿ ಒಂದು ಸಿದ್ದಿ ಮಗುವೂ ಇರಬಹುದು ಅಲ್ವಾ? ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ಕಡೆ ಸಿದ್ದಿಗಳು ತಲೆತಲಾಂತರದಿಂದ ಇದ್ದಾರೆ. ಅವರ ಹಿರಿಯರಲ್ಲಿ ಎಷ್ಟೋ ಜನರನ್ನು ಪೂರ್ವ ಆಫ್ರಿಕಾದಿಂದ ಪೋರ್ಚುಗೀಸರು ಗುಲಾಮರಾಗಿ ಗೋವಾಕ್ಕೆ ತಂದಿದ್ದರು. ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೂ ಬಂದರು. ಆದರೂ ಪೇಟೆಗೆ ಬಂದ ಸಿದ್ದಿ ಹುಡುಗನನ್ನು 'ಯಾವ ದೇಶ?' ಎಂದು ಕೇಳುವವರು ಇಂದಿಗೂ ಇದ್ದಾರೆ.

2030ರೊಳಗೆ ಕಲಿಯುವ ಎಲ್ಲರಿಗೂ ಜಾಗತಿಕ ಪೌರತ್ವದ, ಅಂದರೆ ಎಲ್ಲ ದೇಶದವರನ್ನೂ ನಮ್ಮವರಂತೆ ಕಾಣುವ, ಪಾಠ ಸಿಗಬೇಕು ಎಂದು ವಿಶ್ವಸಂಸ್ಥೆಯ ದೇಶಗಳು 2015ರಲ್ಲೇ ಒಪ್ಪಿವೆ. ನಮ್ಮ ತರಬೇತಿಗಳಲ್ಲಿ ಇದನ್ನು ಪಿಪಿಟಿ ಹಾಕಿ ತೋರಿಸುತ್ತಾರೆ. ಆಮೇಲೆ ಟೀ ಬರುತ್ತದೆ. ಮುಗಿಯಿತು. ಶಾಲೆಯಲ್ಲಿ ಏನು ಮಾಡಬೇಕು ಅಂತ ಯಾರೂ ಹೇಳುವುದಿಲ್ಲ.

ನನಗೆ ದಾರಿ ಸಿಕ್ಕಿದ್ದು ಊಟದಿಂದ. ನಮ್ಮ ಮಕ್ಕಳಲ್ಲಿ ಜಾಸ್ತಿ ಜನ ಮನೆಯಲ್ಲಿ ಮುದ್ದೆ ತಿನ್ನುವವರು. ರಾಗಿಯ ತವರು ಪೂರ್ವ ಆಫ್ರಿಕಾ, ಅದರಲ್ಲೂ ಇಥಿಯೋಪಿಯಾ, ಉಗಾಂಡಾ ಕಡೆಯ ಎತ್ತರದ ನೆಲ. ಅಲ್ಲಿಂದ ಅದು ಸಾವಿರಾರು ವರ್ಷಗಳ ಹಿಂದೆಯೇ ಇಲ್ಲಿಗೆ ಬಂದಿದೆ. ಹಾಗೆಂದಾಗ ತರಗತಿ ನಂಬಲಿಲ್ಲ. 'ರಾಗಿ ನಮ್ದು ಮೇಡಂ' ಎಂದು ಗಲಾಟೆ. ಉತ್ತರ ಕರ್ನಾಟಕದ ಜೋಳವೂ ಆಫ್ರಿಕಾ ಖಂಡದ್ದೇ, ಸಜ್ಜೆಯೂ ಆ ಖಂಡದ್ದೇ, ಸಾರಿಗೆ ಹಾಕುವ ಅಲಸಂದೆ, ಹುಣಸೆ ಕೂಡ ಎಂದೆ. ಚಿಕ್ಕಮಗಳೂರಿನ ಅರೇಬಿಕಾ ಕಾಫಿಯ ಮೂಲವೂ ಇಥಿಯೋಪಿಯಾದ ಕಾಡೇ. ಉಗಾಂಡಾದಲ್ಲಿ 'ಕಾಲೋ' ಅಂತ ಮಾಡುತ್ತಾರೆ. ಕುದಿಯುವ ನೀರಿಗೆ ರಾಗಿ ಹಿಟ್ಟು ಹಾಕಿ ಚೆನ್ನಾಗಿ ತೊಳಸುತ್ತಾರೆ, ಮರಗೆಣಸಿನ ಹಿಟ್ಟನ್ನೂ ಬೆರೆಸುವುದುಂಟು. ಕೈಯಲ್ಲಿ ಮುರಿದು ಸಾರಿಗೆ ಅದ್ದಿ ತಿನ್ನುತ್ತಾರೆ. ಹಿಂದಿನ ಬೆಂಚಿನಿಂದ ಒಬ್ಬ ಎದ್ದು ಕೇಳಿದ: 'ಅವ್ರೂ ನುಂಗ್ತಾರಾ ಮೇಡಂ, ಇಲ್ಲ ಅಗೀತಾರಾ?' ಆಫ್ರಿಕಾ ಬಗ್ಗೆ ನಮ್ಮ ಶಾಲೆಯಲ್ಲಿ ನಾನು ಕೇಳಿದ ಅತಿ ಒಳ್ಳೆಯ ಪ್ರಶ್ನೆ ಅದು. ಹುಡುಕಿಕೊಂಡು ಬಾ ಎಂದು ಅವನಿಗೇ ಬಿಟ್ಟೆ.

ಹೀಗೆ ಶುರುವಾದರೆ ಉಳಿದದ್ದು ಸಲೀಸು. ಗೋಳಗುಮ್ಮಟಕ್ಕೆ ಪ್ರವಾಸ ಹೋಗುತ್ತೇವಲ್ಲ, ಅದನ್ನು ಕಟ್ಟಿಸಿದ ಮೊಹಮ್ಮದ್ ಆದಿಲ್ ಶಾಹನ ಆಸ್ಥಾನದಲ್ಲಿ ವಜೀರನಾಗಿದ್ದ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನು. ಕೀನ್ಯಾದಲ್ಲಿ 2007ರಿಂದಲೇ ಎಂ-ಪೆಸಾ ಎಂಬ ವ್ಯವಸ್ಥೆಯಲ್ಲಿ ಗುಂಡಿ ಒತ್ತುವ ಸಾದಾ ಮೊಬೈಲ್‌ನಿಂದಲೇ ದುಡ್ಡು ಕಳಿಸುತ್ತಿದ್ದಾರೆ. ನಮಗೆ ಯುಪಿಐ ಬಂದದ್ದು 2016ರಲ್ಲಿ.

ಹಾಗಂತ ಬರ, ಯುದ್ಧದ ಮಾತೇ ಬೇಡ ಎನ್ನುತ್ತಿಲ್ಲ. 2023ರಲ್ಲಿ ಸುಡಾನಿನಲ್ಲಿ ಶುರುವಾದ ಯುದ್ಧ ಎಷ್ಟು ಜನರ ಮನೆ ಮುರಿಯಿತು ಎಂಬುದು ಮಕ್ಕಳಿಗೆ ಗೊತ್ತಾಗಲಿ. ಆದರೆ ಅದು ಸುಡಾನಿನ ಸಂಕಟ, 54 ದೇಶಗಳ ಚಹರೆ ಅಲ್ಲ. ಭಾರತದಂಥ ಒಂಬತ್ತು ದೇಶ ಹಿಡಿಸುವಷ್ಟು ದೊಡ್ಡ ಖಂಡ ಅದು. ಮಣಿಪುರದಲ್ಲಿ ಗಲಭೆ ಆದಾಗ ಮಂಡ್ಯದವರಿಗೆ ಫೋನ್ ಮಾಡಿ 'ಜೀವಂತ ಇದ್ದೀರಾ?' ಎಂದರೆ ಹೇಗಿರುತ್ತದೆ?

ಶಿಕ್ಷಣ ಇಲಾಖೆಗೆ ದೊಡ್ಡ ಯೋಜನೆ ಏನೂ ಕೇಳುತ್ತಿಲ್ಲ. ಪ್ರತಿಭಾ ಕಾರಂಜಿಯ ತೀರ್ಪುಗಾರರಿಗೆ ಒಂದು ಸಾಲಿನ ಸೂಚನೆ ಸಾಕು: ಯಾವುದೇ ಜನರನ್ನು ನಗೆಪಾಟಲು ಮಾಡುವ ವೇಷಕ್ಕೆ ಅಂಕವಿಲ್ಲ. ಕುಣಿತ ಬೇಕೇ ಬೇಕು ಎನ್ನುವ ಶಾಲೆಗಳು ಸಿದ್ದಿ ಕಲಾವಿದರನ್ನು ಕರೆಸಿ, ಗೌರವಧನ ಕೊಟ್ಟು, ಅವರಿಂದಲೇ ಅವರ ಡಮಾಮಿ ಕುಣಿತ ಕಲಿಯಲಿ. ಮಸಿಯ ಖರ್ಚೂ ಉಳಿಯುತ್ತದೆ.

ನಿಮ್ಮಲ್ಲೂ ಒಂದು ಕೋರಿಕೆ. ಮಕ್ಕಳ ಪುರವಣಿಯ ನಗೆಹನಿಗಳ ಜೊತೆ, ಮೂಗಿಗೆ ಮೂಳೆ ಚುಚ್ಚಿಕೊಂಡವರು ಹಂಡೆಯಲ್ಲಿ ಮನುಷ್ಯರನ್ನು ಬೇಯಿಸುವಂಥ ಚಿತ್ರ ಬಂದರೆ ದಯವಿಟ್ಟು ತೆಗೆದುಹಾಕಿ. ಆ ಜಾಗದಲ್ಲಿ ನೈರೋಬಿಯ ಒಬ್ಬ ಹುಡುಗಿ ಬೆಳಿಗ್ಗೆ ಏನು ತಿಂದು, ಯಾವ ಬಸ್ಸು ಹತ್ತಿ ಶಾಲೆಗೆ ಹೋಗುತ್ತಾಳೆ ಅಂತ ಬರೆಸಿ. ಕತ್ತರಿಸಿ ತರಗತಿಯ ಗೋಡೆಗೆ ಅಂಟಿಸುವ ಕೆಲಸ ನನ್ನದು.

ಇಂತಿ,
ಸಮಾಜ ವಿಜ್ಞಾನ ಶಿಕ್ಷಕಿ,
ತುಮಕೂರು ಜಿಲ್ಲೆ