ರಾಟರ್‌ಡ್ಯಾಮ್‌ಗೆ ಒಳ್ಳೆ ಎಣ್ಣೆ, ನಮ್ಮ ಬಂದರಿಗೆ ಮಸಿ: ಕೇಂದ್ರ ನೌಕಾಯಾನ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ಬ್ಯಾಡಗಿಯಿಂದ ನಮಸ್ಕಾರ. ಕನ್ನಡದಲ್ಲೇ ಬರೆಯುತ್ತಿದ್ದೇನೆ. ನಿಮ್ಮ ಕಚೇರಿಯಲ್ಲಿ ಯಾರಾದರೂ ಓದಿ ಹೇಳುತ್ತಾರೆ. ನಮ್ಮ ಜನರೂ ಇದನ್ನು ಓದಲಿ ಅಂತ ನನ್ನಾಸೆ.

ನಮ್ಮೂರು ಮೆಣಸಿನಕಾಯಿಗೆ ಹೆಸರಾದ ಊರು. ಇಲ್ಲಿಂದ ಕಡಲು ನೋಡಬೇಕಂದ್ರೆ ಘಟ್ಟ ಇಳಿಯಬೇಕು. ಇಂಥ ಊರಿನವನಿಗೆ ಹಡಗಿನ ಹೊಗೆಯ ಚಿಂತೆ ಯಾಕೆ ಅಂತ ನೀವು ಕೇಳಬಹುದು. ನಾನು 24 ವರ್ಷ ಹಡಗಿನ ಇಂಜಿನ್ ರೂಮಿನಲ್ಲಿ ದುಡಿದವನು. ಹುಬ್ಬಳ್ಳಿಯಲ್ಲಿ ಐಟಿಐ ಡೀಸೆಲ್ ಮೆಕ್ಯಾನಿಕ್ ಮುಗಿಸಿ 1997ರಲ್ಲಿ ವೈಪರ್, ಅಂದರೆ ಇಂಜಿನ್ ರೂಮು ಒರೆಸಿ ತೊಳೆಯುವವನಾಗಿ, ಹಡಗು ಹತ್ತಿದೆ. 2021ರಲ್ಲಿ ಇಂಜಿನ್ ನೋಡಿಕೊಳ್ಳುವ ಮೋಟರ್‌ಮನ್ ಆಗಿ ಇಳಿದೆ. ಆ ಸಂಬಳದಲ್ಲೇ ಮನೆ ಕಟ್ಟಿದೆ, ತಂಗಿಯರ ಮದುವೆ ಮಾಡಿದೆ. ಕೆಲಸದ ಬಗ್ಗೆ ನನಗೆ ಇವತ್ತಿಗೂ ಗೌರವ ಇದೆ.

ಆದರೆ ಈಗ ನನ್ನ ಎದೆಯ ಸ್ಥಿತಿ ಕೇಳಿ. ಚಿಕ್ಕವನಿದ್ದಾಗ ಅಪ್ಪ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ ಮಾಡುತ್ತಿದ್ದರು. ಚೀಲಗಳ ನಡುವೆಯೇ ಆಡಿ ಬೆಳೆದವನು ನಾನು. ಘಾಟು ನನಗೆ ಲೆಕ್ಕಕ್ಕೇ ಇರಲಿಲ್ಲ. ಈಗ ಅವ್ವ ಒಗ್ಗರಣೆಗೆ ಎರಡು ಮೆಣಸಿನಕಾಯಿ ಹಾಕಿದರೆ ಸಾಕು, ಹಿತ್ತಲಿಗೆ ಓಡುತ್ತೇನೆ. ಬಾವಿಕಟ್ಟೆ ಹಿಡಿದುಕೊಂಡು ಕೆಮ್ಮುತ್ತೇನೆ. ನನ್ನ ಸಲುವಾಗಿ ಎಂಬತ್ತು ದಾಟಿದ ಅವ್ವ ಒಗ್ಗರಣೆ ಹಾಕೋದನ್ನೇ ಕಮ್ಮಿ ಮಾಡಿದ್ದಾಳೆ. ಹುಬ್ಬಳ್ಳಿಯ ಡಾಕ್ಟರು ಎಕ್ಸ್‌ರೇ ನೋಡಿ, "ಎಷ್ಟು ವರ್ಷದಿಂದ ಬೀಡಿ ಸೇದ್ತೀರಿ?" ಅಂದರು. ಒಂದು ಬೀಡಿಯನ್ನೂ ಮುಟ್ಟಿದವನಲ್ಲ ಸ್ವಾಮಿ ನಾನು.

ನನ್ನ ಕಾಯಿಲೆ ಹಡಗಿನಿಂದಲೇ ಬಂತು ಅಂತ ಯಾವ ಡಾಕ್ಟರೂ ಬರೆದುಕೊಡುವುದಿಲ್ಲ. ಆದರೆ ಡೀಸೆಲ್ ಇಂಜಿನ್ ಹೊಗೆ ಕ್ಯಾನ್ಸರ್ ತರುತ್ತದೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಸ್ಕ್ಯಾವೆಂಜ್ ಕ್ಲೀನಿಂಗ್ ಅಂದರೆ ಏನಂತ ನಿಮ್ಮ ಅಧಿಕಾರಿಗಳಿಗೆ ಗೊತ್ತು. ದೊಡ್ಡ ಇಂಜಿನ್ನಿನ ಹೊಟ್ಟೆಯೊಳಗೆ ತಲೆಗೆ ಲೈಟ್ ಕಟ್ಟಿಕೊಂಡು ತೆವಳಿ ಹೋಗಬೇಕು. ಡಾಂಬರಿನ ಹಾಗೆ ಅಂಟಿಕೊಂಡ ಮಸಿಯನ್ನು ಕೆರೆದು ಬಕೆಟ್ಟಿಗೆ ತುಂಬಬೇಕು. ಹೊರಗೆ ಬಂದ ಮೇಲೆ ಮೂರು ದಿನ ಮೂಗು ಸೀನಿದರೆ ಕರ್ಚೀಫು ಕಪ್ಪಾಗುತ್ತಿತ್ತು.

ಇನ್ನು ಈ ಪತ್ರ ಬರೆಸಿದ ಸಂಗತಿಗೆ ಬರುತ್ತೇನೆ. 2018ರಲ್ಲಿ ನಾನಿದ್ದ ಹಡಗು ನೆದರ್‌ಲ್ಯಾಂಡ್ಸ್ ದೇಶದ ಬಂದರು ರಾಟರ್‌ಡ್ಯಾಮ್‌ಗೆ ಹೋಗಿತ್ತು. ಇಂಗ್ಲಿಷ್ ಕಾಲುವೆ ಹತ್ತಿರ ಬರುವ ಮೊದಲೇ ಇಂಜಿನ್ನಿನಲ್ಲಿ ಸುಡುವ ಎಣ್ಣೆ ಬದಲಿಸಬೇಕು. ಅಲ್ಲಿಂದ ಮುಂದೆ ಹೊಗೆ ನಿಯಂತ್ರಣ ವಲಯ, ಎಣ್ಣೆಯಲ್ಲಿ ಗಂಧಕ 0.10% ದಾಟುವಂತಿಲ್ಲ. ನೂರು ಡಿಗ್ರಿಗಿಂತ ಜಾಸ್ತಿ ಕಾಯಿಸಿದ ದಪ್ಪ ಎಣ್ಣೆಯಿಂದ ಡೀಸೆಲ್ಲಿನಂಥ ತೆಳು ಗ್ಯಾಸ್ ಆಯಿಲ್‌ಗೆ ಹೋಗಬೇಕಾದರೆ ಗಂಟೆಗಟ್ಟಲೆ ಕಾಯಬೇಕು. ಅವಸರ ಮಾಡಿದರೆ ಪಂಪ್ ಹಿಡಿದುಕೊಳ್ಳುತ್ತದೆ. ಸೆಕೆಂಡ್ ಇಂಜಿನಿಯರ್ ಕೈಯಲ್ಲಿ ವಾಚ್ ಹಿಡಿದು ನಿಂತಿದ್ದರು. ಎಷ್ಟು ಗಂಟೆಗೆ, ಎಲ್ಲಿ, ಎಷ್ಟು ಎಣ್ಣೆ ಅಂತ ಎಲ್ಲ ಲಾಗ್‌ಬುಕ್ಕಿನಲ್ಲಿ ಬರೆದರು. ಅಲ್ಲಿನ ಇನ್‌ಸ್ಪೆಕ್ಟರ್ ಬಂದು ಸ್ಯಾಂಪಲ್ ತೆಗೆದರೆ ಸಿಕ್ಕಿಬೀಳಬಾರದು ಅಂತ ಎಲ್ಲರಿಗೂ ಭಯ. ಒಳ್ಳೆ ಭಯ ಅದು.

ಅದೇ ಹಡಗು, ಅದೇ ಇಂಜಿನ್, ಅದೇ ನಾವು, ತಿಂಗಳೊಳಗೆ ನಮ್ಮ ದೇಶದ ಒಂದು ಬಂದರಿಗೆ ಬಂದೆವು. ಬಂದರಿನ ಹೆಸರು ಬೇಡ. ಹನ್ನೊಂದು ದಿನ ಕಟ್ಟೆಗೆ ಕಟ್ಟಿ ನಿಂತೆವು. ಮೇನ್ ಇಂಜಿನ್ ಬಂದ್, ಆದರೆ ಜನರೇಟರ್‌ಗಳು ಹಗಲು ರಾತ್ರಿ ಓಡುತ್ತಿದ್ದವು. ಸುಡುತ್ತಿದ್ದದ್ದು ಅದೇ ದಪ್ಪ ಎಣ್ಣೆ. ಆಗ ಅದರಲ್ಲಿ 3.50% ತನಕ ಗಂಧಕ ಇರಬಹುದಿತ್ತು. ಯಾರ ಕೈಯಲ್ಲೂ ವಾಚ್ ಇರಲಿಲ್ಲ.

ಐದನೇ ದಿನ ಊರು ನೋಡಲು ಗೇಟ್ ದಾಟಿ ಹೊರಗೆ ಹೋದೆ. ರಸ್ತೆ ಪಕ್ಕ ವಯಸ್ಸಾದ ಒಬ್ಬ ತಾಯಿ ಬಲೆ ಹಾಸಿ ಮೀನು ಒಣಗಿಸುತ್ತಿದ್ದರು. ನನ್ನ ಕೊರಳಲ್ಲಿದ್ದ ಪಾಸ್ ನೋಡಿ ಹಡಗಿನವನು ಅಂತ ಗೊತ್ತಾಯಿತೇನೋ, ಕೈಮಾಡಿ ಕರೆದರು. ಮಾತಾಡಲಿಲ್ಲ. ಒಂದು ಮೀನು ಎತ್ತಿಕೊಂಡು ಅದರ ಮೇಲೆ ಹೆಬ್ಬೆರಳು ಎಳೆದು, ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು. ಕಪ್ಪು. ನಾನು ಇಪ್ಪತ್ತು ವರ್ಷ ಕೆರೆದ ಅದೇ ಮಸಿ. ತಲೆ ತಗ್ಗಿಸಿಕೊಂಡು ವಾಪಸ್ ಬಂದೆ.

ಬಂದು ಮೇಲಿನವರೊಬ್ಬರನ್ನು ಕೇಳಿದೆ. "ಯಾವ ರೂಲ್ ಮುರಿದಿದ್ದೀವಿ ಹೇಳು" ಅಂದರು. ನಿಜ, ಯಾವ ರೂಲೂ ಮುರಿದಿರಲಿಲ್ಲ! ನನ್ನನ್ನು ಇವತ್ತಿಗೂ ಸುಡುತ್ತಿರೋದು ಅದೇ. ನಮ್ಮದು 1999ರ ಹಡಗು. ಹಡಗಿನ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಒಪ್ಪಂದ ಮಾರ್ಪೋಲ್‌, ಅದರ ಹೊಗೆ ಕುರಿತ ಆರನೇ ಅನೆಕ್ಸ್‌ನ ನೈಟ್ರೋಜನ್ ಆಕ್ಸೈಡ್ ಎಂಬ ಕೆಟ್ಟ ಅನಿಲದ ಮಿತಿ 2000ದ ಜನವರಿ 1ರಿಂದ ಕಟ್ಟಿದ ಹಡಗುಗಳಿಗೆ. ನಮ್ಮ ಜನರೇಟರ್‌ಗಳಿಗೆ ಅದು ತಾಗುತ್ತಲೇ ಇರಲಿಲ್ಲ. ಇನ್ನು ಮಸಿಗೆ ಅಂತ ಗ್ರಾಂ ಲೆಕ್ಕದ ಮಿತಿಯೇ ಆ ಕಾನೂನಿನಲ್ಲಿ ಇಲ್ಲ. ಎಣ್ಣೆಯ ಗಂಧಕ ಕಮ್ಮಿ ಮಾಡಿದರೆ ಅದೂ ಒಂದಿಷ್ಟು ಕಮ್ಮಿ ಆಗುತ್ತದೆ ಅಂತ ಬಿಟ್ಟಿದ್ದಾರೆ.

ಇದೆಲ್ಲ ನಿಮಗೆ ಗೊತ್ತಿರೋದೇ, ಅಲ್ವಾ? ಹೊಸ ಹಡಗಿನ ಕಥೆಯೂ ಗೊತ್ತಿದೆ. ನಿಧಾನ ತಿರುಗುವ ದೊಡ್ಡ ಇಂಜಿನ್ನಿಗೆ ಅಮೆರಿಕದ ಕರಾವಳಿಯಲ್ಲಿ, ಬಾಲ್ಟಿಕ್‌ನಲ್ಲಿ, ಉತ್ತರ ಸಮುದ್ರದಲ್ಲಿ ಕಿಲೋವ್ಯಾಟ್ ಗಂಟೆಗೆ 3.4 ಗ್ರಾಂ ನೈಟ್ರೋಜನ್ ಆಕ್ಸೈಡ್ ಮಿತಿ. ಅದಕ್ಕಾಗಿ ಯೂರಿಯಾ ಹಾಯಿಸಿ ಹೊಗೆ ಶುದ್ಧ ಮಾಡುವ ಯಂತ್ರ ಕೂಡಿಸಿರುತ್ತಾರೆ. ಅದೇ ಹಡಗು ನಮ್ಮ ಕಡೆ ಬಂದರೆ ಆ ಯಂತ್ರ ಬಂದ್ ಮಾಡಬಹುದು. ಇಲ್ಲಿ 14.4 ಗ್ರಾಂ ನಡೆಯುತ್ತದೆ. ಯಂತ್ರ ಹಡಗಿನಲ್ಲೇ ಇದೆ ಸ್ವಾಮಿ! ಸ್ವಿಚ್ ಹಾಕಿ ಅಂತ ಹೇಳುವವರು ಇಲ್ಲ.

2020ರಿಂದ ಇಡೀ ಜಗತ್ತಿಗೆ ಗಂಧಕದ ಮಿತಿ 0.50% ಆಯಿತು. ಒಳ್ಳೆಯದೇ ಆಯಿತು, ಕೊನೆಯ ವರ್ಷ ನಾನೇ ಆ ವ್ಯತ್ಯಾಸ ನೋಡಿದೆ. ಆದರೆ ಅದೇ 2020ರ ಏಪ್ರಿಲ್‌ನಿಂದ ನಮ್ಮ ರಸ್ತೆಗೆ ಬಿಎಸ್ 6 ಡೀಸೆಲ್ ಬಂತು. ಅದರಲ್ಲಿ ಹತ್ತು ಲಕ್ಷ ಭಾಗಕ್ಕೆ 10 ಭಾಗ ಗಂಧಕ. ಹಡಗಿನ ಎಣ್ಣೆಯಲ್ಲಿ 5000 ಭಾಗ ಇರಬಹುದು. ಐನೂರು ಪಟ್ಟು! ನನ್ನ ಅಳಿಯ ಟೆಂಪೊದಲ್ಲಿ ಮೆಣಸಿನಕಾಯಿ ಹುಬ್ಬಳ್ಳಿಗೆ ಸಾಗಿಸುತ್ತಾನೆ. ಹೊಗೆ ಸರ್ಟಿಫಿಕೇಟ್ ಮುಗಿದು ನಾಲ್ಕು ದಿನ ಆಗಿತ್ತು ಅಂತ ಹೈವೇಯಲ್ಲಿ ಹಿಡಿದು ದಂಡ ಹಾಕಿದರು. ಕಟ್ಟಿದ. ತಪ್ಪು ಅವನದೇ. ಟೆಂಪೊದವನಿಗೆ ಇರುವ ಕಾನೂನು ಹಡಗಿನವನಿಗೆ ಯಾಕಿಲ್ಲ ಅಂತ ಅವನು ಕೇಳಿದರೆ ನಾನು ಏನು ಹೇಳಲಿ?

ಈ ಮಾತನ್ನು ಬೇರೆ ಕಚೇರಿಗಳಿಗೂ ಬರೆದೆ. ಮೂರು ಪತ್ರ ಹೋದವು. ಒಂದಕ್ಕೆ "ಸಂಬಂಧಪಟ್ಟ ವಿಭಾಗಕ್ಕೆ ಕಳಿಸಲಾಗಿದೆ" ಅಂತ ಉತ್ತರ ಬಂತು. ಅಲ್ಲಿಗೆ ಮುಗಿಯಿತು. ಕಾದು ಕಾದು ಸಾಕಾಗಿದೆ. ಸುಮ್ನೆ ಕೂರಲು ನನಗಿನ್ನು ಉಸಿರೂ ಇಲ್ಲ, ತಾಳ್ಮೆಯೂ ಇಲ್ಲ.

ಕೇಳುತ್ತಿರೋದು ಇಷ್ಟೇ. ನಮ್ಮ ಬಂದರಿನಲ್ಲಿ ಕಟ್ಟಿ ನಿಂತ ಹಡಗು 0.10% ಎಣ್ಣೆಯನ್ನೇ ಸುಡಬೇಕು, ಇಲ್ಲವೇ ದಡದ ಕರೆಂಟ್ ತೆಗೆದುಕೊಂಡು ಜನರೇಟರ್ ನಿಲ್ಲಿಸಬೇಕು. ಯುರೋಪಿನವರು ನಿಂತ ಹಡಗಿಗೆ ಈ 0.10% ನಿಯಮವನ್ನು 2010ರಲ್ಲೇ ಮಾಡಿದರು. ದಡದ ಕರೆಂಟ್ ಮಾತನ್ನು ನಿಮ್ಮ ಸಚಿವಾಲಯದ 2023ರ ಹರಿತ್ ಸಾಗರ್ ಹಸಿರು ಬಂದರು ಮಾರ್ಗಸೂಚಿಯೇ ಆಡಿದೆ. ಮಾರ್ಗಸೂಚಿ ಸಾಲದು, ಕಡ್ಡಾಯ ಮಾಡಿ. ಆಮೇಲೆ ನಮ್ಮ ಇಡೀ ಕರಾವಳಿಯನ್ನು ಹೊಗೆ ನಿಯಂತ್ರಣ ವಲಯ ಮಾಡಿ ಅಂತ ಅಂತರರಾಷ್ಟ್ರೀಯ ಕಡಲ ಸಂಸ್ಥೆಗೆ ಪ್ರಸ್ತಾವ ಕಳಿಸಿ. ಮೆಡಿಟರೇನಿಯನ್ ಸುತ್ತಲಿನ ದೇಶಗಳು ಒಟ್ಟಾಗಿ ಕೇಳಿದವು, 2025ರ ಮೇ 1ರಿಂದ ಅವರಿಗೆ ಸಿಕ್ಕಿತು. ನಾವು ಕೇಳದಿದ್ದರೆ ಯಾರು ಕರೆದು ಕೊಡುತ್ತಾರೆ?

ನಮ್ಮ ಹಾವೇರಿ, ಗದಗ, ಹುಬ್ಬಳ್ಳಿ ಕಡೆಯ ಹುಡುಗರು ಈಗಲೂ ಹಡಗಿನ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ಹೋಗಬೇಡಿ ಅಂತ ನಾನು ಹೇಳುವುದಿಲ್ಲ. ಹೋದ ತಿಂಗಳು ನಮ್ಮ ಓಣಿಯ ಒಬ್ಬ ಹುಡುಗ ಮನೆಗೆ ಬಂದು, "ಕಾಕಾ, ಏನೇನು ಒಯ್ಯಬೇಕ್ರಿ?" ಅಂತ ಕೇಳಿದ. ಒಳ್ಳೆ ಮಾಸ್ಕ್ ಒಯ್ಯಿ ಅಂದೆ. ಬಂದರಿನ ಗೇಟ್ ಹೊರಗೆ ಮೀನು ಒಣಗಿಸುವವರಿಗೆ ಆ ಮಾತು ಹೇಳೋಕಾಗುತ್ತಾ?

ನಿಂತ ಹಡಗಿಗೆ 0.10% ಕಡ್ಡಾಯ ಮಾಡಿ. ನಮ್ಮ ಕರಾವಳಿಯನ್ನು ನಿಯಂತ್ರಣ ವಲಯ ಮಾಡಿ. ಇಂಜಿನ್ ರೂಮಿನವರ ಮಾತು ಕೇಳಬೇಕು ಅನ್ನಿಸಿದರೆ ಕರೆಯಿರಿ, ಇನ್‌ಹೇಲರ್ ಜೇಬಿನಲ್ಲಿ ಇಟ್ಟುಕೊಂಡು ದೆಹಲಿಗೇ ಬರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಮಾಜಿ ಮೋಟರ್‌ಮನ್
ಬ್ಯಾಡಗಿ, ಹಾವೇರಿ ಜಿಲ್ಲೆ