ಹೊಸ ಮನೆಯ ನೆಲ: ಚದರಡಿಗೆ 48 ಅಂದರು, 125 ಆಯಿತು

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಪುರವಣಿಯಲ್ಲಿ ಹೊಸ ಮನೆಗಳ ಬಗ್ಗೆ ಬರುವ ಬರಹಗಳನ್ನು ನಾನು ತಪ್ಪದೆ ಓದುತ್ತೇನೆ. ಕಳೆದ ವರ್ಷ ತುಮಕೂರಿನ ಹೊರಗೆ 30×40 ಸೈಟಿನಲ್ಲಿ ಮನೆ ಕಟ್ಟಿಸುವಾಗಲಂತೂ ಒಂದೊಂದನ್ನೂ ಕತ್ತರಿಸಿ ಫೈಲಿನಲ್ಲಿ ಇಟ್ಟುಕೊಂಡಿದ್ದೆ. ನೆಲದ ಕೆಲಸಕ್ಕೆ ಬಂದಾಗ ಆ ಫೈಲ್ ತೆಗೆದು ನೋಡಿದರೆ ಫೋಟೊಗಳೆಲ್ಲ ಒಂದೇ ಥರ. ಕನ್ನಡಿ ಹಾಗೆ ಹೊಳೆಯುವ ಬಿಳಿ ಟೈಲ್ಸ್, ಅದರ ಮೇಲೆ ದಪ್ಪ ಕಾರ್ಪೆಟ್, ಅದರ ಮೇಲೆ ಸೋಫಾ. ಬೆಲೆ ಬರೆದಿದ್ದರೆ ಬರೀ ಟೈಲ್ಸಿನ ಬೆಲೆ. ಒದ್ದೆ ಕಾಲಲ್ಲಿ ಬಂದವರು ಜಾರುತ್ತಾರಾ, ವಯಸ್ಸಾದವರು ಧೈರ್ಯವಾಗಿ ನಡೆಯಬಹುದಾ, ಹಾಕಿಸುವ ಖರ್ಚೆಷ್ಟು, ಇದರ ಬಗ್ಗೆ ಒಂದು ಸಾಲೂ ಇಲ್ಲ. ನನ್ನಂಥವರಿಗೆ ಬೇಕಾಗಿದ್ದು ಅದೇ ಅಲ್ವಾ? ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗಿದೆ, ಕತ್ತರಿಸಿಯಾದರೂ ಹಾಕಿ.

ಮನೆ ಕಟ್ಟಿದವರಿಗೆಲ್ಲ ಗೊತ್ತು, ನೆಲ ಬರುವುದು ಕೊನೆಗೆ. ಪಾಯ, ಗೋಡೆ, ಮೋಲ್ಡು, ವೈರಿಂಗು, ನೀರಿನ ಪೈಪು, ಪ್ಲಾಸ್ಟರಿಂಗು ಎಲ್ಲ ಮುಗಿದು ಬ್ಯಾಂಕಿನ ಕೊನೆಯ ಕಂತು ಕೈಗೆ ಬರುವ ಹೊತ್ತಿಗೆ ಅದಕ್ಕಾಗಿ ಮೊದಲೇ ಯಾರೋ ಕಾಯುತ್ತಿರುತ್ತಾರೆ. ಗೃಹಪ್ರವೇಶದ ದಿನ ಬೇರೆ ಗೊತ್ತಾಗಿರುತ್ತದೆ. ಆಗ ಅಂಗಡಿಗೆ ಓಡುತ್ತೇವೆ. ಬೋರ್ಡಿನಲ್ಲಿ ಏನು ಬರೆದಿದೆಯೋ ಅದನ್ನೇ ನಂಬುತ್ತೇವೆ.

ನಾವು ನೋಡಿದ ಟೈಲ್ಸ್ ಚದರಡಿಗೆ 48 ರೂಪಾಯಿ. ಟೈಲ್ಸ್ ಹಾಕಿಸಬೇಕಾಗಿದ್ದ ಜಾಗ 700 ಚದರಡಿ. ನಾನು ಡೈರಿಯಲ್ಲಿ 34 ಸಾವಿರ ಅಂತ ಬರೆದಿಟ್ಟೆ. ಆಮೇಲೆ ಒಂದೊಂದೇ ಸೇರುತ್ತಾ ಹೋಯಿತು. ಜಿಎಸ್‌ಟಿ ಶೇ 18, ಬೋರ್ಡಿನ ರೇಟಿನಲ್ಲಿ ಅದು ಇರಲಿಲ್ಲ. ಮೂಲೆಗಳಲ್ಲಿ ಕತ್ತರಿಸಿ ಹಾಳಾಗುವುದು, ಲಾರಿಯಲ್ಲಿ ಒಡೆಯುವುದು ಅಂತ ಶೇ 8ರಷ್ಟು ಜಾಸ್ತಿ ತರಬೇಕಾಯಿತು. ಅಲ್ಲಿಗೇ ಚದರಡಿಗೆ 61. ಹಾಕುವ ಕೂಲಿ 30. ಕೆಳಗಿನ ಗಾರೆಗೆ ಸಿಮೆಂಟು, ಎಂ-ಸ್ಯಾಂಡು ಸೇರಿ 22. ಗೋಡೆಯ ಬುಡಕ್ಕೆ ಹಾಕುವ ಪಟ್ಟಿ ಅಂದರೆ ಸ್ಕರ್ಟಿಂಗು, ಸಂದು ತುಂಬುವ ಗ್ರೌಟು, ಲಾರಿ ಬಾಡಿಗೆ, ಇಳಿಸಿದವರ ಕೂಲಿ ಎಲ್ಲ ಇನ್ನೊಂದು 12. ಲೆಕ್ಕ ಹಾಕಿ, 125. ನನ್ನ 34 ಸಾವಿರ 87 ಸಾವಿರ ದಾಟಿತು. ಯಾರೂ ಮೋಸ ಮಾಡಿರಲಿಲ್ಲ. ಯಾರೂ ಮೊದಲೇ ಹೇಳಿರಲಿಲ್ಲ, ಅಷ್ಟೇ.

ಇದರಲ್ಲಿ ಗಮನಿಸಬೇಕಾದ್ದು ಒಂದಿದೆ. 48ರ ಬದಲು 38ರ ಟೈಲ್ಸ್ ತಂದಿದ್ದರೂ ಕೂಲಿ ಅಷ್ಟೇ, ಗಾರೆ ಅಷ್ಟೇ. 125ರಲ್ಲಿ ಉಳಿಯುತ್ತಿದ್ದದ್ದು ಹನ್ನೆರಡೋ ಹದಿಮೂರೋ ರೂಪಾಯಿ. ಆ ಟೈಲ್ಸ್ ನಾಲ್ಕು ವರ್ಷಕ್ಕೆ ಸವೆದು ಕಿತ್ತು ಹಾಕಿಸಬೇಕಾಗಿ ಬಂದರೆ ಪೂರ್ತಿ 125 ಮತ್ತೆ ಕೈಯಿಂದ ಹೋಗುತ್ತದೆ. ದುಡ್ಡು ಉಳಿಸಬೇಕಾದ ಜಾಗ ಬೇರೆ ಇದೆ. ಟೈಲ್ಸಿನ ಕೆಳಗಿನ ಬೆಡ್ ಕಾಂಕ್ರೀಟ್ ಹಾಕುವ ದಿನ ರಸಮಟ್ಟ ಇಟ್ಟು, ನೀರಿನ ಪೈಪು ಹಿಡಿದು ಮಟ್ಟ ನೋಡಿಸಿ. ನಮ್ಮ ಹಾಲಿನ ಒಂದು ಮೂಲೆ ಎರಡು ಇಂಚು ತಗ್ಗಾಗಿತ್ತು. ಅದನ್ನು ತುಂಬಲು ಎಷ್ಟು ಚೀಲ ಸಿಮೆಂಟ್ ಹೋಯಿತು ಅಂತ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಪೆಟ್ಟಿಗೆ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಎರಡು ಅಡಿ ಟೈಲ್ಸ್ ಅನ್ನುತ್ತಾರಲ್ಲ, ಅದು ಪೂರ್ತಿ ಎರಡು ಅಡಿ ಇರುವುದಿಲ್ಲ, 600 ಮಿಲಿಮೀಟರ್. ನಾಲ್ಕು ಟೈಲ್ಸಿನ ಒಂದು ಪೆಟ್ಟಿಗೆ ಅಂದರೆ 15.5 ಚದರಡಿ. ನಾನು ಹೋದ ಒಂದು ಅಂಗಡಿಯಲ್ಲಿ 16 ಅಂತ ಬಿಲ್ ಮಾಡುತ್ತಿದ್ದರು. ಪೆಟ್ಟಿಗೆಗೆ 24 ರೂಪಾಯಿ. ನಮಗೆ ಬೇಕಾಗಿದ್ದದ್ದು 49 ಪೆಟ್ಟಿಗೆ, ಸಾವಿರದ ಮೇಲಾಯಿತು. ಕೇಳಿದ ತಕ್ಷಣ ಸರಿ ಮಾಡಿಕೊಟ್ಟರು. ಕೇಳದವರಿಗೆ?

ಈಗ ಅಮ್ಮನ ವಿಷಯಕ್ಕೆ ಬರುತ್ತೇನೆ. ಪತ್ರ ಬರೆಯಲು ಕೂತಿದ್ದೇ ಅದಕ್ಕೆ.

ನಮ್ಮ ಮನೆ ಶುರುವಾಗುವ ಮುಂಚೆ ನಮ್ಮ ಅಣ್ಣನ ಮನೆಯ ಗೃಹಪ್ರವೇಶ ಆಯಿತು. ಬೆಳಗಿನ ಜಾವ ನಾಲ್ಕೂವರೆ. ಬಾಗಿಲಲ್ಲಿ ಕಾಲು ತೊಳೆದುಕೊಂಡು ಅಮ್ಮ ಒಳಗೆ ಬಂದರು, ಕೈಯಲ್ಲಿ ಅರಿಶಿನ ಕುಂಕುಮದ ತಟ್ಟೆ. ಹೊಸಿಲು ದಾಟಿ ಎರಡೇ ಹೆಜ್ಜೆ. ಆ ಬಿಳಿ ಪಾಲಿಶ್ ಟೈಲ್ಸ್ ಮೇಲೆ ಬಿದ್ದ ನೀರು ಯಾರಿಗೂ ಕಾಣುತ್ತಲೇ ಇರಲಿಲ್ಲ, ಎಲ್ಲ ಕಡೆ ಹೊಳೆಯುವಾಗ ನೀರಿನ ಹೊಳಪು ಯಾವುದು, ಟೈಲ್ಸಿನ ಹೊಳಪು ಯಾವುದು ಅಂತ ಹೇಗೆ ಗೊತ್ತಾಗಬೇಕು. ತಟ್ಟೆ ಬಿದ್ದ ಸದ್ದು ಮೊದಲು ಕೇಳಿತು. ಕುಂಕುಮವೆಲ್ಲ ನೆಲದ ಮೇಲೆ. ಅಮ್ಮ ಬಲಗೈ ಊರಿ ಬಿದ್ದಿದ್ದರು, ಮಣಿಕಟ್ಟು ಮುರಿದಿತ್ತು. ಹಾಲು ಉಕ್ಕಿಸುವ ಹೊತ್ತಿಗೆ ನಾನು ಅವರನ್ನು ಕರೆದುಕೊಂಡು ಆಸ್ಪತ್ರೆಯಲ್ಲಿದ್ದೆ. ಅಮ್ಮನಿಗೆ ಆಗ ಎಪ್ಪತ್ತೊಂದು. ಸೊಂಟ ಮುರಿಯಲಿಲ್ಲ, ದೇವರ ದಯೆ. ಆದರೆ ಆವತ್ತಿನಿಂದ ಯಾರ ಹೊಸ ಮನೆಗೆ ಹೋದರೂ ಅವರು ಗೋಡೆ ಹಿಡಿದುಕೊಂಡೇ ನಡೆಯುತ್ತಾರೆ.

ಅದಾದ ಮೇಲೆ ನಾನು ಟೈಲ್ಸ್ ಅಂಗಡಿಗೆ ಒಂದು ಸಣ್ಣ ನೀರಿನ ಬಾಟಲಿ ಹಿಡಿದುಕೊಂಡೇ ಹೋಗುತ್ತಿದ್ದೆ. ಟೈಲ್ ನೆಲಕ್ಕೆ ಇಡಿಸಿ, ನೀರು ಹಾಕಿ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ನಿಂತು ನೋಡುತ್ತಿದ್ದೆ. ‘ಮೇಡಂ, ಇದೆಲ್ಲ ಯಾರೂ ಮಾಡಲ್ಲ’ ಅಂದರು ಅಂಗಡಿಯವರು. ಎಲ್ಲರೂ ಮಾಡಬೇಕು ಅಂತ ನಾನು ಹೇಳುತ್ತೇನೆ. ಟೈಲ್ಸ್ ಎಷ್ಟು ಜಾರುತ್ತದೆ ಅನ್ನುವುದಕ್ಕೆ ಒಂದು ನಂಬರೇ ಇದೆ, ಆರ್ 9ರಿಂದ ಆರ್ 13ರವರೆಗೆ. ನಂಬರು ಜಾಸ್ತಿಯಾದಷ್ಟೂ ಜಾರುವುದು ಕಡಿಮೆ. ನಾವು ಹಾಲಿಗೆ, ಅಡುಗೆಮನೆಗೆ ಆರ್ 10ರ ಮ್ಯಾಟ್, ಅಂದರೆ ಹೊಳಪಿಲ್ಲದ ಟೈಲ್ಸ್, ಬಚ್ಚಲಿಗೆ ಆರ್ 11 ತಂದೆವು. ಹೊಳೆಯುವ ಟೈಲ್ಸಿಗಿಂತ ಇವಕ್ಕೆ ಒಂದು ರೂಪಾಯಿಯೂ ಜಾಸ್ತಿ ಕೊಡಲಿಲ್ಲ. ಮ್ಯಾಟ್‌ನಲ್ಲಿ ಕೊಳೆ ಕೂರುತ್ತದೆ, ಒರೆಸುವುದು ಕಷ್ಟ ಅಂತ ಹೆದರಿಸುತ್ತಾರೆ. ತೀರಾ ಒರಟಾದದ್ದರಲ್ಲಿ ಹೌದು. ಹಾಲಿನ ಟೈಲ್ಸ್ ನಾನೇ ದಿನಾ ಒರೆಸುತ್ತೇನೆ, ಏನೂ ಕಷ್ಟವಿಲ್ಲ.

ಇನ್ನೆರಡು ಪರೀಕ್ಷೆ ಅಂಗಡಿಯಲ್ಲೇ ಮಾಡಬಹುದು. ಟೈಲ್ ತಿರುಗಿಸಿ ಹಿಂಭಾಗಕ್ಕೆ ಒಂದು ಚಮಚ ನೀರು ಹಾಕಿ. ಬೇಗ ಹೀರಿಕೊಂಡರೆ ಅದು ವಿಟ್ರಿಫೈಡ್ (ಗಾಜಿನ ಹಾಗೆ ಗಟ್ಟಿಯಾಗುವಂತೆ ಸುಟ್ಟ ಟೈಲ್) ಅಲ್ಲ, ಬಾಯಲ್ಲಿ ಏನೇ ಹೇಳಲಿ. ವಿಟ್ರಿಫೈಡ್ ಆದರೆ ಶೇ 0.5ಕ್ಕಿಂತ ಜಾಸ್ತಿ ನೀರು ಹೀರಬಾರದು. ಆಮೇಲೆ ಎರಡು ಟೈಲ್ಸನ್ನು ಮುಖಕ್ಕೆ ಮುಖ ಇಟ್ಟು ಮೂಲೆ ಒತ್ತಿ. ಅಲುಗಾಡಿದರೆ ಬಾಗಿದೆ ಅಂತ ಅರ್ಥ. ಬಾಗಿದ ಟೈಲ್ಸನ್ನು ಎಂಥಾ ಮೇಸ್ತ್ರಿ ಹಾಕಿದರೂ ಅಂಚು ಎದ್ದೇ ಇರುತ್ತದೆ, ಕಾಲು ಎಡವುತ್ತದೆ. ಎಲ್ಲ ಪೆಟ್ಟಿಗೆಯ ಮೇಲೂ ಒಂದೇ ಬ್ಯಾಚ್ ನಂಬರ್ ಇದೆಯಾ ನೋಡಿ, ಒಂದು ಪೆಟ್ಟಿಗೆ ಅಟ್ಟದ ಮೇಲೆ ಎತ್ತಿಡಿ. ಈ ಟೈಲ್ಸ್ ಬಹುಪಾಲು ಬರುವುದು ಗುಜರಾತಿನ ಮೋರ್ಬಿಯಿಂದ. ಡಿಸೈನು ಬೇಗ ಬೇಗ ಬದಲಾಗುತ್ತದೆ, ಮುಂದಿನ ವರ್ಷ ಒಂದು ಟೈಲ್ ಒಡೆದರೆ ಜೋಡಿ ಸಿಗುವುದಿಲ್ಲ.

ಹಾಕುವಾಗ ಹತ್ತಿರ ನಿಂತು ನೋಡಿ. ನಮ್ಮಲ್ಲಿ ಒಬ್ಬ ಕೆಲಸಗಾರ ‘ಅಕ್ಕಾ, ಗ್ಯಾಪೇ ಬಿಡದೆ ಜೋಡಿಸಿಬಿಡ್ತೀನಿ, ಸಕತ್ತಾಗಿ ಕಾಣುತ್ತೆ’ ಅಂದ. ಸಂತೋಷದಿಂದ ಒಪ್ಪಿಕೊಂಡೆ. ರೂಮಿನ ಅರ್ಧ ಮುಗಿದಿತ್ತು, ನೆರೆಮನೆಯ ಮೇಸ್ತ್ರಿ ಒಬ್ಬರು ಬಂದು ನೋಡಿ ನಿಲ್ಲಿಸಿದರು. ಬೇಸಿಗೆಯಲ್ಲಿ ಟೈಲ್ಸ್ ಹಿಗ್ಗಲು ಜಾಗ ಇಲ್ಲದಿದ್ದರೆ ಮೇಲೆ ಉಬ್ಬಿ ಕಿತ್ತು ಬರುತ್ತದಂತೆ. ಎರಡು ಮಿಲಿಮೀಟರ್ ಸ್ಪೇಸರ್ ಇಟ್ಟು ಮತ್ತೆ ಹಾಕಿಸಿದೆವು. ಹಾಕಿ ಎರಡು ದಿನ ಆದ ಮೇಲೆ ಪ್ರತಿಯೊಂದು ಟೈಲನ್ನೂ ಮರದ ತುಂಡಿನಲ್ಲಿ ತಟ್ಟಿ ನೋಡಿ. ಟೊಳ್ಳು ಸದ್ದು ಬಂದ ಟೈಲಿನ ಕೆಳಗೆ ಗಾರೆ ತುಂಬಿಲ್ಲ, ಬೀರು ಇಟ್ಟ ದಿನವೇ ಒಡೆಯುತ್ತದೆ. ಕೂಲಿ ಪೂರ್ತಿ ಕೊಡುವ ಮುಂಚೆ ತಟ್ಟಿ.

ತಮ್ಮ ರೂಮಿಗೆ ಮತ್ತು ದೇವರ ಮನೆಗೆ ಮಾತ್ರ ಟೈಲ್ಸ್ ಬೇಡ ಅಂದರು ಅಮ್ಮ. ಅವರು ಹುಟ್ಟಿ ಬೆಳೆದದ್ದು ಕೆಂಪು ಗಾರೆ ನೆಲದ ಮನೆಯಲ್ಲಿ. ‘ಕಾಲು ಚಾಚಿ ಕೂತು ಅಕ್ಕಿ ಆರಿಸೋಕೆ ಅದೇ ಸರಿ’ ಅಂದರು. ನಾನು ಅದು ಅಗ್ಗ ಅಂದುಕೊಂಡಿದ್ದೆ. ಸಾಮಾನು ಅಗ್ಗ ನಿಜ, ರೆಡ್ ಆಕ್ಸೈಡ್ ಪುಡಿ, ಸಿಮೆಂಟು, ಮರಳು ಇಷ್ಟೇ. ಆದರೆ ಕೆಲಸ ಗೊತ್ತಿರುವವರನ್ನು ಹುಡುಕಲು ಒಂದು ತಿಂಗಳು ಬೇಕಾಯಿತು. ಕೊನೆಗೆ ಅರವತ್ತೆಂಟು ವರ್ಷದ ಒಬ್ಬ ಮೇಸ್ತ್ರಿ ಸಿಕ್ಕಿದರು. ಕೂಲಿ ಸೇರಿ ಚದರಡಿಗೆ 110 ಆಯಿತು.

ಆ ಕೆಲಸ ನೋಡುವುದೇ ಒಂದು ಚೆಂದ. ಪುಡಿಯನ್ನೂ ಸಿಮೆಂಟನ್ನೂ ಒಣಗಿದ್ದಾಗಲೇ ಎರಡು ಸಲ ಜರಡಿ ಹಿಡಿದರು, ಬಣ್ಣ ಒಂದೇ ಸಮ ಬರಲಿ ಅಂತ. ಕೆಳಗಿನ ಗಾರೆ ಇನ್ನೂ ಹಸಿ ಇರುವಾಗಲೇ ಮೇಲೆ ತೆಳ್ಳಗೆ ಕೆಂಪು ಹರಡಿ, ಮರದ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಕರಣೆಯನ್ನು ಅರ್ಧಚಂದ್ರದ ಹಾಗೆ ಎಳೆಯುತ್ತಾ ಎಳೆಯುತ್ತಾ ಒಳಗಿನ ಗೋಡೆಯಿಂದ ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿದು ಬಂದರು. ಬೆಳಿಗ್ಗೆ ಕೂತವರು ಸಂಜೆ ಹೊಸಿಲ ಮೇಲೆ ಎದ್ದರು. ಒಂದು ರೂಮು ಶುರು ಮಾಡಿದರೆ ಅವತ್ತೇ ಮುಗಿಸಬೇಕು, ನಿಲ್ಲಿಸಿದರೆ ಆ ಗೆರೆ ಜೀವಮಾನ ಕಾಣುತ್ತದೆ. ಮಾರನೆಯ ದಿನ ಬಾಗಿಲಿಗೆ ಮಣ್ಣಿನ ಕಟ್ಟೆ ಕಟ್ಟಿ ಒಂದು ವಾರ ನೀರು ನಿಲ್ಲಿಸಿದೆವು. ಆಮೇಲೆ ಒಣಗಿಸಿ ಕೊಬ್ಬರಿ ಎಣ್ಣೆ ತೆಳ್ಳಗೆ ಒರೆಸಿದರು. ಕನ್ನಡಿ ಪಾಲಿಶ್ ಬೇಡ ಅಂತ ನಾವೇ ಹೇಳಿದ್ದೆವು. ನೀರು ಚೆಲ್ಲಿದರೆ ಈ ನೆಲವೂ ಜಾರುತ್ತದೆ, ಹಾಗಾಗಿ ಬಚ್ಚಲಿಗೆ ಇದು ಬೇಡ. ನೀರು ಸರಿಯಾಗಿ ನಿಲ್ಲಿಸದಿದ್ದರೆ ಕೂದಲೆಳೆಯ ಬಿರುಕು ಗ್ಯಾರಂಟಿ.

ಮನೆಯ ಹಿಂದೆ ಪಾತ್ರೆ ತೊಳೆಯುವ ಜಾಗಕ್ಕೆ ಶಹಾಬಾದ್ ಕಲ್ಲು ಹಾಕಿಸಿದೆವು. ಕಲಬುರಗಿ ಜಿಲ್ಲೆಯ ಕಲ್ಲು, ಆ ಕಡೆಯ ಹಳೆಯ ಮನೆಗಳೆಲ್ಲ ಅದರ ಮೇಲೇ ನಿಂತಿವೆ. ಅಗ್ಗ, ಗಟ್ಟಿ, ಪಾಲಿಶ್ ಮಾಡಿಸದಿದ್ದರೆ ಜಾರುವುದಿಲ್ಲ. ಒಂದೇ ಎಚ್ಚರಿಕೆ, ಅದು ಸುಣ್ಣದ ಕಲ್ಲು, ಆ್ಯಸಿಡ್ ಹಾಕಿ ತೊಳೆಯಬೇಡಿ, ಮೇಲ್ಮೈ ತಿಂದುಹಾಕುತ್ತದೆ. ಮುಂದಿನ ಅಂಗಳಕ್ಕೆ ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು. ಮೆಟ್ಟಿಲಿಗೆ ನಮ್ಮ ಜಿಲ್ಲೆಯದೇ ಸಿರಾ ಗ್ರೇ ಗ್ರಾನೈಟು, ಅದೂ ಕಟ್ ಪೀಸ್. ಕಾಲು ಭಾಗ ದುಡ್ಡು ಉಳಿಯಿತು. ಮರದಂತೆ ಕಾಣುವ ಲ್ಯಾಮಿನೇಟ್ ಬೇಡ ಅಂದೆ, ದಿನಾ ಬಕೆಟ್ ನೀರಲ್ಲಿ ನೆಲ ಒರೆಸುವ ಮನೆ ನಮ್ಮದು, ಅಂಚಲ್ಲಿ ನೀರು ಇಳಿದರೆ ಅದು ಊದಿಕೊಳ್ಳುತ್ತದೆ.

ಕಾರ್ಪೆಟ್ಟಿನ ಆಸೆ ನನ್ನ ಮಗಳಿಗಿತ್ತು. ಗೋಡೆಯಿಂದ ಗೋಡೆಗೆ ಅಂಟಿಸುವ ಕಾರ್ಪೆಟ್ ನಮ್ಮ ಧೂಳಿಗೆ, ಮಳೆಗಾಲದ ತೇವಕ್ಕೆ ಆಗಿಬರುವುದಿಲ್ಲ. ಒದ್ದೆಯಾದರೆ ವಾಸನೆ, ಒಣಗಿದರೆ ಧೂಳು, ಉಬ್ಬಸ ಇರುವವರು ಮನೆಯಲ್ಲಿದ್ದರೆ ಅದರ ಹತ್ತಿರವೂ ಹೋಗಬೇಡಿ. ಬದಲಿಗೆ ಧಾರವಾಡ ಜಿಲ್ಲೆಯ ನವಲಗುಂದದ ಜಮಖಾನೆ ತಂದೆವು. ಹತ್ತಿಯದು, ಮಗ್ಗದ ಮೇಲೆ ಹೆಣ್ಣುಮಕ್ಕಳೇ ನೇಯುತ್ತಾರೆ, ನವಿಲು, ಪಗಡೆಯ ಚಿತ್ತಾರ ಇರುತ್ತದೆ. ಬಿಸಿಲಿಗೆ ಹಾಕಿ ಕೊಡವಿದರೆ ಆಯಿತು. ಅದರ ಕೆಳಗೆ ಜಾರದ ಹಾಗೆ ರಬ್ಬರ್ ಜಾಲರಿ ಹಾಸುವುದನ್ನು ಮಾತ್ರ ಮರೆಯಬೇಡಿ. ಅಮ್ಮ ಮಧ್ಯಾಹ್ನ ಅದರ ಮೇಲೇ ಮಲಗುತ್ತಾರೆ.

ನಿಮ್ಮಲ್ಲಿ ನನ್ನ ಕೇಳಿಕೆ ಎರಡು. ಮುಂದಿನ ಸಲ ನೆಲದ ಬಗ್ಗೆ ಬರೆಸುವಾಗ ಹಾಕಿಸಿ ಮುಗಿದ ಮೇಲಿನ ಪೂರ್ತಿ ರೇಟನ್ನು, ಜಾರುವಿಕೆಯ ನಂಬರನ್ನು ಫೋಟೊ ಪಕ್ಕದಲ್ಲೇ ಹಾಕಿ. ಎರಡನೆಯದು ಸರ್ಕಾರದವರ ಕಿವಿಗೂ ಬೀಳಲಿ. ಜಿಲ್ಲೆ ಜಿಲ್ಲೆಯಲ್ಲೂ ನಿರ್ಮಿತಿ ಕೇಂದ್ರಗಳಿವೆ, ಕಡಿಮೆ ಖರ್ಚಿನ ಕಟ್ಟಡ ಕೆಲಸ ಕಲಿಸಲೆಂದೇ ಹುಟ್ಟಿದವು. ಅಲ್ಲಿ ಹುಡುಗರಿಗೆ ಕೆಂಪು ಗಾರೆ ಕೆಲಸ ಕಲಿಸಬಹುದಲ್ಲ? ನಮ್ಮ ಮೇಸ್ತ್ರಿಯ ಜೊತೆ ಬಂದಿದ್ದ ಹುಡುಗ ನೀರು ತಂದುಕೊಟ್ಟ, ಸಿಮೆಂಟ್ ಕಲೆಸಿದ, ಕರಣೆ ಮಾತ್ರ ಮುಟ್ಟಲಿಲ್ಲ. ಕಲಿಯೋದಿಲ್ವೇನಪ್ಪ ಅಂತ ಕೇಳಿದೆ. ‘ಯಾರಕ್ಕಾ ಹಾಕಿಸ್ತಾರೆ ಇದನ್ನ’ ಅಂದ. ಹಾಕಿಸುವವರು ಇದ್ದೇವೆ ಅಂತ ಅವನಿಗೆ ತಿಳಿಯಲಿ ಎಂದೇ ಇಷ್ಟು ಬರೆದೆ.

ಇಂತಿ,
ನಿಮ್ಮ ಓದುಗರಲ್ಲೊಬ್ಬಳು, ತುಮಕೂರು